‘ನೀರು ಸಿಕ್ತು’ ಅನ್ನೋ ಸುದ್ದಿಗೆ ವೋಚರ್ ಎಲ್ಲಿದೆ?

ಇವತ್ತಿನ ಕಂತಿನ ವಿಷಯ ನೀರು. ನಲ್ಲಿ ನೀರಲ್ಲ, ಕೋಟಿಗಟ್ಟಲೆ ಕಿಲೋಮೀಟರ್ ದೂರದ ನೀರು. ‘ದೂರದ ಗ್ರಹದಲ್ಲಿ ನೀರು ಪತ್ತೆ’ ಅನ್ನೋ ತಲೆಬರಹ ನಿಮ್ಮ ಫೋನಿಗೂ ಬಂದಿರುತ್ತೆ. ಅಲ್ಲಿಗೆ ಯಾರೂ ಹೋಗಿಲ್ಲ, ಬಕೆಟ್ ಇಟ್ಟು ಹಿಡಿದಿಲ್ಲ. ಹಾಗಾದ್ರೆ ಹೇಗೆ ಗೊತ್ತಾಯ್ತು? ನಾನು ಓದಿದ್ದು ಬಿಕಾಂ. ಲೆಕ್ಕದಲ್ಲಿ ಎಂಟ್ರಿ ಕಂಡ್ರೆ ‘ವೋಚರ್ ತೋರ್ಸಿ’ ಅಂತ ಕೇಳೋದು ನಮ್ಮ ಅಭ್ಯಾಸ. ಇಲ್ಲೂ ಅದನ್ನೇ ಕೇಳೋಣ.

ಇಲ್ಲಿ ವೋಚರ್ ಅಂದ್ರೆ ಬೆಳಕು. ನೀರಿನ ಅಣುಗಳು ಎಲ್ಲ ಬೆಳಕನ್ನೂ ಒಂದೇ ಥರ ಹೀರಲ್ಲ. ಅವಕೆಂಪು ಬೆಳಕಿನಲ್ಲಿ, ಅಂದ್ರೆ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ನಲ್ಲಿ, ಕೆಲವು ತರಂಗಾಂತರಗಳನ್ನ ಹೆಚ್ಚು ಹೀರುತ್ತವೆ. ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕಿನ ಒಂದು ಚೂರು ಆ ಗ್ರಹದ ವಾತಾವರಣದ ಮೂಲಕ ತೂರಿಕೊಂಡು ಬರುತ್ತೆ. ಅದನ್ನ ಬಣ್ಣಬಣ್ಣವಾಗಿ ಬಿಡಿಸಿದ್ರೆ, ಎಲ್ಲಿ ಎಷ್ಟು ಬೆಳಕು ಖೋತಾ ಆಗಿದೆ ಅಂತ ಗೊತ್ತಾಗುತ್ತೆ. ಖೋತಾ ಆಗಿರೋ ಜಾಗ ನೋಡಿ ಹೀರಿದ್ದು ಯಾರು ಅಂತ ಹೇಳೋದು, ಅಷ್ಟೇ.

ಇದಕ್ಕೆ ಬಾಹ್ಯಾಕಾಶದ ಟೆಲಿಸ್ಕೋಪೇ ಯಾಕೆ? ನಮ್ಮ ತಲೆ ಮೇಲಿನ ಗಾಳಿಯಲ್ಲೂ ನೀರಾವಿ ಇದೆ. ದೂರದಿಂದ ಬಂದ ಬೆಳಕಿನಲ್ಲಿ ಅದೇ ತರಂಗಾಂತರಗಳನ್ನ ನಮ್ಮ ಗಾಳಿಯೂ ನುಂಗಿಬಿಡುತ್ತೆ. ಹಾಗಾಗಿ ಹಬಲ್ ಭೂಮಿಯ ಸುತ್ತ ವಾತಾವರಣದ ಮೇಲೆ ಸುತ್ತುತ್ತೆ, ಜೇಮ್ಸ್ ವೆಬ್ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರ ನಿಂತಿದೆ.

ಈಗ ಮೂರು ಕೇಸ್ ನೋಡೋಣ. ಮೊದಲನೆಯದು ಎನ್ಸೆಲಾಡಸ್, ಶನಿಯ ಚಂದ್ರ. ಅಗಲ ಬರೀ 500 ಕಿಲೋಮೀಟರ್ ಚಿಲ್ಲರೆ, ಮೈಯೆಲ್ಲ ಮಂಜುಗಡ್ಡೆ. 2005ರಲ್ಲಿ ಕ್ಯಾಸಿನಿ ನೌಕೆ ಇದರ ದಕ್ಷಿಣ ಧ್ರುವದಿಂದ ಆವಿ, ಹಿಮದ ಕಣ ಚಿಮ್ಮೋದನ್ನ ಪತ್ತೆಹಚ್ಚಿತು. ಆಮೇಲೆ ಆ ಬುಗ್ಗೆಯೊಳಗೇ ಹಾರಿ ಸ್ಯಾಂಪಲ್ ಪರೀಕ್ಷೆ ಮಾಡಿತು. ಬಿಸಿಲು ಬಿದ್ದಾಗ ನೀರಾವಿ ತನ್ನದೇ ತರಂಗಾಂತರಗಳಲ್ಲಿ ಮಿನುಗುತ್ತೆ. ಆ ಮಿನುಗನ್ನ ವೆಬ್ ಹಿಡಿಯಿತು. 2023ರಲ್ಲಿ ಬಂದ ಫಲಿತಾಂಶ: ಬುಗ್ಗೆಯ ಉದ್ದ 9,600 ಕಿಲೋಮೀಟರಿಗೂ ಹೆಚ್ಚು, ಸೆಕೆಂಡಿಗೆ ಸುಮಾರು 300 ಲೀಟರ್ ನೀರು. ಅಂದ್ರೆ 12 ಸಾವಿರ ಲೀಟರಿನ ಟ್ಯಾಂಕರ್ 40 ಸೆಕೆಂಡಿಗೆ ಫುಲ್! ಹತ್ತಿರ ಹೋದ ನೌಕೆ, ದೂರದ ಟೆಲಿಸ್ಕೋಪ್ ಎರಡೂ ನೀರು ಅಂತಲೇ ಹೇಳ್ತಿವೆ. ಲೆಕ್ಕ ತಾಳೆ ಆಯ್ತು.

ಎರಡನೆಯದು ಯೂರೋಪಾ, ಗುರುವಿನ ಚಂದ್ರ. 2012ರ ಡಿಸೆಂಬರ್‌ನಲ್ಲಿ ಹಬಲ್ ಇದರ ದಕ್ಷಿಣ ಧ್ರುವದ ಹತ್ತಿರ ಹೈಡ್ರೋಜನ್ ಮತ್ತು ಆಕ್ಸಿಜನ್ ಹೊಮ್ಮಿಸೋ ನೇರಳಾತೀತ ಬೆಳಕನ್ನ ಕಂಡಿತು. ಹಬಲ್‌ಗೆ ಕಂಡದ್ದು ಒಡೆದ ನೀರಿನ ಚೂರುಗಳು, ನೀರಲ್ಲ. ಹವಾಯಿಯ ಕೆಕ್ ಟೆಲಿಸ್ಕೋಪ್‌ನಲ್ಲಿ 17 ರಾತ್ರಿ ಹುಡುಕಿದವರಿಗೆ ನೀರಾವಿ ಸಿಕ್ಕಿದ್ದು ಒಂದೇ ರಾತ್ರಿ. ವೆಬ್ ನೋಡಿದಾಗ ಬುಗ್ಗೆಯ ಸುಳಿವೇ ಇರಲಿಲ್ಲ. ಇದು ಇನ್ನೂ ‘ಪೆಂಡಿಂಗ್’ ಕಡತ. 2024ರ ಅಕ್ಟೋಬರ್‌ನಲ್ಲಿ ಹೊರಟ ಯೂರೋಪಾ ಕ್ಲಿಪ್ಪರ್ ನೌಕೆ 2030ಕ್ಕೆ ಗುರುವನ್ನ ಮುಟ್ಟಬೇಕು. ಅಲ್ಲಿವರೆಗೆ ಕಾಯೋದೇ.

ಮೂರನೆಯದು ನಿಜವಾದ ಪಾಠ. ಕೆ2-18ಬಿ ಅನ್ನೋ ಗ್ರಹ ನಮ್ಮಿಂದ ಸುಮಾರು 124 ಜ್ಯೋತಿರ್ವರ್ಷ ದೂರ. 2019ರಲ್ಲಿ ಎರಡು ತಂಡಗಳು ಹಬಲ್ ದತ್ತಾಂಶ ನೋಡಿ, ಅಲ್ಲಿ ನೀರಾವಿ ಇದೆ ಅಂದವು. ಪ್ರಪಂಚದ ತುಂಬ ಸುದ್ದಿ. ಆ ಸಂಕೇತ ಎಷ್ಟು ಸಣ್ಣದು ಗೊತ್ತಾ? ಲಕ್ಷ ರೂಪಾಯಿ ವಹಿವಾಟಿನಲ್ಲಿ ಐದೋ ಹತ್ತೋ ರೂಪಾಯಿ ವ್ಯತ್ಯಾಸ ಹುಡುಕಿದ ಹಾಗೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಹಬಲ್ ನೋಡಿದ್ದು 1.1ರಿಂದ 1.7 ಮೈಕ್ರಾನ್ ತನಕ ಮಾತ್ರ. 1.4 ಮೈಕ್ರಾನ್ ಹತ್ತಿರ ನೀರೂ ಬೆಳಕು ಹೀರುತ್ತೆ, ಮೀಥೇನ್ ಕೂಡ ಹೀರುತ್ತೆ. ಒಂದೇ ತಿಂಗಳ ಸ್ಟೇಟ್‌ಮೆಂಟ್ ನೋಡಿ ದುಡ್ಡು ತೆಗೆದವರು ಯಾರು ಅಂತ ಹೇಳೋದು ಕಷ್ಟ ಅಲ್ವಾ?

2023ರಲ್ಲಿ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ ವೆಬ್‌ನಿಂದ ಸುಮಾರು 5 ಮೈಕ್ರಾನ್ ತನಕ ಓದಿತು. ಮೀಥೇನ್ ಸಿಕ್ಕಿತು, ಕಾರ್ಬನ್ ಡೈಆಕ್ಸೈಡ್ ಸಿಕ್ಕಿತು. ನೀರಾವಿ? ಸ್ಪಷ್ಟವಾಗಿ ಕಾಣಲಿಲ್ಲ. ಹಾಗಂತ ಅಲ್ಲಿ ನೀರೇ ಇಲ್ಲ ಅಂತಲೂ ಅಲ್ಲ. ಮೇಲಿನ ತಂಪು ಪದರ ತಲುಪೋ ಮೊದಲೇ ಆವಿ ತಣ್ಣಗಾಗಿ ಕೆಳಗೇ ಉಳಿದಿರಬಹುದು. ನಮಗೆ ಕಾಣೋದು ಮೇಲಿನ ಪದರ ಮಾತ್ರ.

ಇದನ್ನ ಕೇಳಿ ‘ವಿಜ್ಞಾನಿಗಳು ದಿನಕ್ಕೊಂದು ಹೇಳ್ತಾರೆ ಬಿಡಿ’ ಅನ್ನಬೇಡಿ. ಹೊಸ ದಾಖಲೆ ಬಂದಾಗ ಹಳೇ ಎಂಟ್ರಿ ತಿದ್ದೋದೇ ಸರಿಯಾದ ಲೆಕ್ಕ. ತಿದ್ದದೇ ಮುಚ್ಚಿಡೋದು ಮೋಸ. ಆದ್ರೆ ತಿದ್ದುಪಡಿ ಮೂಲ ಸುದ್ದಿಯಷ್ಟು ಫಾರ್ವರ್ಡ್ ಆಗಲ್ಲ ಅನ್ನೋದೇ ತೊಂದರೆ.

ಹಾಗಾಗಿ ಮುಂದಿನ ಸಲ ಇಂಥ ಸುದ್ದಿ ಬಂದ್ರೆ ಮೂರು ಪ್ರಶ್ನೆ ಕೇಳಿ. ಕಂಡದ್ದು ನೀರೋ, ನೀರಿನ ಚೂರುಗಳೋ? ಅದೇ ಜಾಗದಲ್ಲಿ ಬೇರೆ ಅನಿಲವೂ ಬೆಳಕು ಹೀರುತ್ತಾ? ಇನ್ನೊಂದು ಉಪಕರಣ ಹೌದು ಅಂದಿದೆಯಾ? ಇನ್ನೊಂದು ಮಾತು: ಆವಿ ಸಿಕ್ಕಿದ ಮಾತ್ರಕ್ಕೆ ಸಮುದ್ರ ಸಿಕ್ಕಿತು ಅಂತಲ್ಲ, ಸಮುದ್ರ ಇದ್ದ ಮಾತ್ರಕ್ಕೆ ಜೀವ ಇದೆ ಅಂತಲೂ ಅಲ್ಲ.

ಮುಂದಿನ ಕಂತಿನಲ್ಲಿ ಸಿಗೋಣ. ಅಲ್ಲಿವರೆಗೆ, ಫಾರ್ವರ್ಡ್ ಮಾಡೋ ಮುಂಚೆ ವೋಚರ್ ಕೇಳಿ.