ಮೆದುಳಿನ ಬ್ರೇಕ್ ಸಡಿಲವಾದಾಗ

ಮದ್ರಸದಲ್ಲಿ ಹತ್ತು ನಿಮಿಷ ಕೂರುವುದಿಲ್ಲ, ಶಾಲೆಯಲ್ಲಿ ಪಕ್ಕದವನ ಪೆನ್ಸಿಲ್ ಎಳೆಯುತ್ತಾನೆ, ಮನೆಗೆ ಬಂದರೆ ಚಪ್ಪಲಿ ಒಂದು ಕಡೆ, ಬ್ಯಾಗ್ ಇನ್ನೊಂದು ಕಡೆ. ಇಂಥ ಮಗುವಿಗೆ ನಾವು 'ಪೋಕರಿ' ಎಂದು ಹೆಸರಿಟ್ಟು ಸುಮ್ಮನಾಗುತ್ತೇವೆ. ವೈದ್ಯರು ಎಡಿಎಚ್‌ಡಿ, ಅಂದರೆ ಗಮನ ಕೊರತೆಯ ಸಮಸ್ಯೆ ಎಂದ ಮೇಲೆ ಹೆದರಿಕೆ ಶುರು. ಕುಟುಂಬದಲ್ಲಿ ಯಾರಿಗಾದರೂ ಸ್ಕಿಝೋಫ್ರೇನಿಯಾ ಇದ್ದರಂತೂ ಉಮ್ಮನಿಗೆ ನಿದ್ದೆಯೇ ಇಲ್ಲ. "ಇವನೂ ಹಾಗೇ ಆಗ್ತಾನಾ? ತಲೆಗೆ ಮೆಷಿನ್ ಇಟ್ಟು ನೋಡಿದ್ರೆ ಗೊತ್ತಾಗ್ಲಿಕ್ಕಿಲ್ವಾ?"

ಮೆಷಿನ್ ಉಂಟು. ಹೆಸರು ಟಿಎಂಎಸ್. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. ತಂತಿಯ ಸುರುಳಿಯೊಂದನ್ನು ತಲೆಯ ಮೇಲೆ ಹಿಡಿದು ಕ್ಷಣಮಾತ್ರ ಅಯಸ್ಕಾಂತದ ಬಲ ಹಾಯಿಸುತ್ತಾರೆ. ಜನ ಹೆದರುವ 'ಕರೆಂಟ್ ಕೊಡುವ' ಚಿಕಿತ್ಸೆಯೇ ಬೇರೆ, ಇದೇ ಬೇರೆ. ಕೈ ಆಡಿಸುವ ಮೆದುಳಿನ ಭಾಗಕ್ಕೆ ಅದು ತಾಗಿದರೆ ಬೆರಳು ಚಿಮ್ಮುತ್ತದೆ. ಎಷ್ಟು ಬಲಕ್ಕೆ ಚಿಮ್ಮಿತು ಎನ್ನುವುದರಿಂದ ಮೆದುಳು ಎಷ್ಟು ಬೇಗ ಕೆರಳುತ್ತದೆ ಎಂದು ಲೆಕ್ಕ ಹಾಕುತ್ತಾರೆ.

ಬ್ರೇಕ್ ನೋಡಲು ಇನ್ನೊಂದು ಉಪಾಯ. ಮೊದಲು ಒಂದು ಸಣ್ಣ ತಟ್ಟು, ಸೆಕೆಂಡಿನ ಸಾವಿರದಲ್ಲಿ ಎರಡು ಮೂರು ಪಾಲು ಕಳೆದು ಒಂದು ದೊಡ್ಡ ತಟ್ಟು. ಸಾಮಾನ್ಯವಾಗಿ ಮೊದಲ ತಟ್ಟು ಮೆದುಳಿನ ತಡೆಯನ್ನು ಎಬ್ಬಿಸಿಬಿಡುತ್ತದೆ, ಎರಡನೆಯದಕ್ಕೆ ಬೆರಳು ಅಷ್ಟಾಗಿ ಚಿಮ್ಮುವುದಿಲ್ಲ. ಈ ತಡೆಯ ಹಿಂದೆ ಗಾಬಾ ಎಂಬ ರಾಸಾಯನಿಕದ ಕೆಲಸ ಉಂಟು.

2000ದಲ್ಲಿ ಜರ್ಮನಿಯ ಗಾಟಿಂಗೆನ್‌ನ ಸಂಶೋಧಕರು ಎಡಿಎಚ್‌ಡಿ ಮಕ್ಕಳಲ್ಲಿ ಈ ತಡೆ ಕಡಿಮೆ ಎಂದು ಕಂಡರು. ಬೆರಳು ಚಿಮ್ಮಲು ಬೇಕಾದ ಬಲ ಮಾತ್ರ ಉಳಿದ ಮಕ್ಕಳಷ್ಟೇ. ಅಂದರೆ ಎಂಜಿನ್ ಸರಿಯೇ ಉಂಟು, ಬ್ರೇಕ್ ಸಡಿಲ. ಎರಡು ವರ್ಷದ ಬಳಿಕ ಕೆನಡಾದ ಟೊರಾಂಟೊದಲ್ಲಿ ಸ್ಕಿಝೋಫ್ರೇನಿಯಾ ಇದ್ದು ಔಷಧ ಸೇವಿಸದವರನ್ನು ಪರೀಕ್ಷಿಸಿದಾಗಲೂ ಇದೇ ತಡೆ ಕಡಿಮೆ ಕಂಡಿತು.

ಹಾಗಾದರೆ ಎರಡೂ ಒಂದೇ ಕಾಯಿಲೆಯಾ? ಖಂಡಿತ ಅಲ್ಲ ಮಾರಾಯ್ರೆ. ಪಾರ್ಕಿನ್ಸನ್ಸ್‌ನಲ್ಲೂ, ಮೈ ತಾನಾಗಿ ಎಗರುವ ಟುರೆಟ್ ಸಮಸ್ಯೆಯಲ್ಲೂ ಇಂಥದೇ ಸಡಿಲ ಕಂಡಿದ್ದಾರೆ. ಜ್ವರ ಇದ್ದ ಹಾಗೆ. ಮಲೇರಿಯಾಕ್ಕೂ ಬರ್ತದೆ, ಟೈಫಾಯ್ಡ್‌ಗೂ ಬರ್ತದೆ. ಥರ್ಮಾಮೀಟರ್ ನೋಡಿ ಯಾವ ಜ್ವರ ಎಂದು ಯಾರೂ ಹೇಳುವುದಿಲ್ಲ.

ಔಷಧ ನೋಡಿದರಂತೂ ಎರಡೂ ಎದುರುಬದುರು. ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ಮೆದುಳಿನಲ್ಲಿ ಡೋಪಮೈನ್ ಹೆಚ್ಚಿಸುತ್ತದೆ. ಗಾಟಿಂಗೆನ್‌ನ ಮಕ್ಕಳಲ್ಲಿ ಅದನ್ನು ಕೊಟ್ಟಾಗ ಬ್ರೇಕ್ ಬಿಗಿಯಾದದ್ದೂ ಕಂಡಿತ್ತು. ಸ್ಕಿಝೋಫ್ರೇನಿಯಾದ ಹೆಚ್ಚಿನ ಔಷಧಗಳು ಅದೇ ಡೋಪಮೈನ್‌ಗೆ ಅಡ್ಡ ನಿಲ್ಲುತ್ತವೆ. ಒಂದಕ್ಕೆ ಕೊಡುವುದನ್ನು ಇನ್ನೊಂದಕ್ಕೆ ಕೊಟ್ಟರೆ, ಕಿವಿಯಲ್ಲಿ ಸ್ವರ ಕೇಳುವಂಥ ಲಕ್ಷಣ ಜೋರಾಗಬಹುದು. ಅಣ್ಣನ ಮಾತ್ರೆಯನ್ನು ತಮ್ಮನಿಗೆ ಕೊಡುವ, ಗಲ್ಫ್‌ನಿಂದ ಯಾರಾದರೂ ತಂದ ಸ್ಟ್ರಿಪ್ ನುಂಗಿಸುವ ಕೆಲಸ ಬೇಡವೇ ಬೇಡ.

ರೋಗ ಯಾವುದೆಂದು ತಿಳಿಯುವ ದಾರಿ ಹಳೆಯದೇ: ಮಾತಾಡಿ ಕೇಳುವುದು. ಎಡಿಎಚ್‌ಡಿಯ ಲಕ್ಷಣ 12 ವರ್ಷದೊಳಗೇ ಕಾಣಬೇಕು, ಮನೆಯಲ್ಲೂ ಶಾಲೆಯಲ್ಲೂ ಕಾಣಬೇಕು. ಸ್ಕಿಝೋಫ್ರೇನಿಯಾ ಹೆಚ್ಚಾಗಿ ಹದಿಹರೆಯದ ಕೊನೆಗೆ ಅಥವಾ ಇಪ್ಪತ್ತರ ಪ್ರಾಯದಲ್ಲಿ ಬರುವುದು. ಸರಿಯಿದ್ದ ಹುಡುಗ ಮಾತು ಬಿಡ್ತಾನೆ, ಇಲ್ಲದ ಸ್ವರ ಕೇಳ್ತದೆ ಅಂತಾನೆ, ಮನೆಯವರ ಮೇಲೇ ಸಂಶಯ ಪಡ್ತಾನೆ. ಗಮನ ಕೊರತೆಯ ಮಕ್ಕಳಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಎಂದೂ ಬರುವುದಿಲ್ಲ. ಆದರೂ ರಕ್ತಸಂಬಂಧದಲ್ಲಿ ಯಾರಿಗಾದರೂ ಇದ್ದರೆ ವೈದ್ಯರಿಗೆ ಹೇಳಲೇಬೇಕು. ಮದುವೆ ಸಂಬಂಧ ತಪ್ಪೀತೆಂದು ಆ ಒಂದು ಮಾತನ್ನು ಮುಚ್ಚಿಟ್ಟರೆ, ಮಗುವಿಗೆ ಯಾವ ಔಷಧ ಎಂದು ನಿರ್ಧರಿಸುವ ವೈದ್ಯರಿಗೆ ಕಣ್ಣು ಕಟ್ಟಿದಂತೆ.

ಆಸ್ಪತ್ರೆಗೆ ಹೋಗುವ ಮೊದಲು ಯಾರೊಡನಾದರೂ ಕೇಳಬೇಕೆಂದಿದ್ದರೆ ಸರ್ಕಾರದ ಟೆಲಿ ಮಾನಸ್ ಉಂಟು. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.