ಸ್ವಿಮ್ ಡೈಪರ್: ಬಿಸಾಡುವುದೋ, ಒಗೆಯುವುದೋ?

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಕೊಡಗು, ಚಿಕ್ಕಮಗಳೂರಿನ ರೆಸಾರ್ಟುಗಳಲ್ಲೂ ಈಗ ದೊಡ್ಡ ಈಜುಕೊಳದ ಮಗ್ಗುಲಲ್ಲೇ ಮಕ್ಕಳಿಗೊಂದು ಪುಟ್ಟ ಕೊಳ ಇರುತ್ತದೆ. ಡೈಪರ್ ವಯಸ್ಸಿನ ಮಗು ಅದಕ್ಕೆ ಇಳಿಯಬೇಕಾದರೆ ಸ್ವಿಮ್ ಡೈಪರ್ ಬೇಕೇ ಬೇಕು ಎಂಬ ನಿಯಮವೂ ಹಲವೆಡೆ ಬಂದಿದೆ. ಕೊಳ್ಳಲು ಹೊರಟರೆ ಸಿಗುವುದು ಎರಡು ಬಗೆ. ಒಂದು, ಚಡ್ಡಿಯಂತೆ ಏರಿಸಿ, ಒಮ್ಮೆ ಬಳಸಿ ಬಿಸಾಡುವಂಥದ್ದು. ಹಗ್ಗೀಸ್ ಲಿಟಲ್ ಸ್ವಿಮ್ಮರ್ಸ್ ಈ ಜಾತಿಯದು. ಇನ್ನೊಂದು, ನೀರು ಹಿಡಿಯದ ಬಟ್ಟೆಯಿಂದಲೋ ಈಜುಡುಗೆಯ ನಿಯೋಪ್ರೀನ್‌ನಿಂದಲೋ ಹೊಲಿದ, ಒಗೆದು ಮತ್ತೆ ಬಳಸುವಂಥದ್ದು. ಯಾವುದು ಮೇಲು ಎಂಬ ಚರ್ಚೆ ಅಮ್ಮಂದಿರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮುಗಿಯುವುದೇ ಇಲ್ಲ. ಅದಕ್ಕೂ ಮೊದಲು ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಈ ಚಡ್ಡಿ ನಿಜಕ್ಕೂ ಏನನ್ನು ತಡೆಯುತ್ತದೆ, ಏನನ್ನು ತಡೆಯುವುದಿಲ್ಲ?

ತಪ್ಪು ಕಲ್ಪನೆ 1: ಮಾಮೂಲಿ ಡೈಪರ್ ಇದ್ದರೆ ಸಾಕು, ಅದೂ ಹೀರಿಕೊಳ್ಳುತ್ತದಲ್ಲ

ಸತ್ಯ: ಹೀರಿಕೊಳ್ಳುವುದೇ ಅದರ ತೊಂದರೆ. ಅನುಮಾನವಿದ್ದರೆ ಒಂದು ಮಾಮೂಲಿ ಡೈಪರನ್ನು ಅರ್ಧ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ನೋಡಿ. ನೋಡನೋಡುತ್ತಲೇ ದಿಂಬಿನಂತೆ ಊದಿಕೊಳ್ಳುತ್ತದೆ. ಎತ್ತಿದರೆ ಭಾರಕ್ಕೆ ಜೋತುಬೀಳುತ್ತದೆ. ಹೊಲಿಗೆ ಬಿಟ್ಟ ಕಡೆಯಿಂದ ಸಾಬಕ್ಕಿ ಬೇಯಿಸಿದ ಹಾಗೆ ಕಾಣುವ ಜೆಲ್ ಹೊರಬರುತ್ತದೆ. ಅದು ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಪದಾರ್ಥ. ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟು ಕುಡಿದುಬಿಡುತ್ತದೆ. ಉಪ್ಪಿನಂಶ ಇರುವ ಮೂತ್ರವನ್ನು ಅದಕ್ಕಿಂತ ಬಹಳ ಕಡಿಮೆ ಹೀರುತ್ತದೆ. ಮಗುವಿನ ಉಚ್ಚೆಗೆಂದು ಲೆಕ್ಕ ಹಾಕಿ ತುಂಬಿದ ಈ ಪುಡಿ ಕೊಳದ ನೀರು ಸಿಕ್ಕರೆ ಸುಮ್ಮನಿರುವುದಿಲ್ಲ. ಒಳಗೆ ಕಕ್ಕಕ್ಕೆ ಜಾಗ ಉಳಿಯುವುದಿಲ್ಲ, ತೊಡೆಯ ಅಂಚು ಸಡಿಲವಾಗುತ್ತದೆ, ಒಡೆದರೆ ಜೆಲ್ ಹೋಗಿ ಕೊಳದ ಫಿಲ್ಟರಿನಲ್ಲಿ ಕೂರುತ್ತದೆ. ಮಾಮೂಲಿ ಡೈಪರಿನ ಮೇಲೆ ಸ್ವಿಮ್ ಡೈಪರ್ ಹಾಕಿದರೂ ಇದೇ ಕಥೆ.

ತಪ್ಪು ಕಲ್ಪನೆ 2: ಸ್ವಿಮ್ ಡೈಪರ್ ಹಾಕಿದ ಮೇಲೆ ಉಚ್ಚೆ ನೀರಿಗೆ ಸೇರುವುದಿಲ್ಲ

ಸತ್ಯ: ಸೇರುತ್ತದೆ. ಬಿಸಾಡುವ ಬಗೆಯೇ ಇರಲಿ, ಒಗೆಯುವ ಬಗೆಯೇ ಇರಲಿ, ಸ್ವಿಮ್ ಡೈಪರನ್ನು ಮಾಡಿರುವುದು ಗಟ್ಟಿ ಮಲವನ್ನು ಹಿಡಿದಿಡುವುದಕ್ಕೆ ಮಾತ್ರ. ಜರಡಿ ಹಿಟ್ಟನ್ನು ಬಿಟ್ಟು ತರಿಯನ್ನು ಉಳಿಸಿಕೊಳ್ಳುವ ಹಾಗೆ ಇದರ ಕೆಲಸ. ಮನೆಯಲ್ಲೇ ತೊಡಿಸಿ ಕಾರಿನಲ್ಲಿ ಕೂರಿಸಿದರೆ ಸೀಟು ಒದ್ದೆಯಾಗುವುದೂ ಇದಕ್ಕೇ. ನೀರಿಗಿಳಿಯುವ ಮುಂಚೆ ತೊಡಿಸಿ, ಮೇಲೆ ಬಂದ ಕೂಡಲೇ ತೆಗೆದು ಮಾಮೂಲಿ ಡೈಪರ್ ಹಾಕುವುದು ಸರಿಯಾದ ಕ್ರಮ.

ಉಚ್ಚೆಯಿಂದ ಕಾಯಿಲೆ ಹರಡುವ ಭಯ ಕಡಿಮೆ. ಆದರೆ ಅದು ಕೊಳದ ಕ್ಲೋರಿನ್ನನ್ನು ತಿಂದುಹಾಕುತ್ತದೆ. ಬೆವರು ಮತ್ತು ಮೂತ್ರದ ಜೊತೆ ಕ್ಲೋರಿನ್ ಬೆರೆತಾಗ ಕ್ಲೋರಮೀನ್ ಎಂಬ ಸಂಯುಕ್ತಗಳು ಹುಟ್ಟುತ್ತವೆ. ಈಜುಕೊಳದ ಆ ಘಾಟು ವಾಸನೆ, ಕಣ್ಣುರಿ, ಕೆಮ್ಮು ಎಲ್ಲ ಇವುಗಳ ಪ್ರಸಾದ. ವಾಸನೆ ಜೋರಾಗಿದ್ದರೆ ನೀರು ಚೊಕ್ಕಟವಾಗಿದೆ ಎಂದು ಬಹಳ ಜನ ತಿಳಿಯುತ್ತಾರೆ. ಅಸಲಿಗೆ ಕ್ಲೋರಿನ್ ಕೊಳೆಯ ಜೊತೆಗೇ ಸೆಣಸಿ ಸೋಲುತ್ತಿದೆ ಎಂಬುದರ ಸೂಚನೆ ಅದು. ಇಳಿಯುವ ಮುಂಚೆ ಮಗುವಿಗೂ ದೊಡ್ಡವರಿಗೂ ಒಂದು ಸ್ನಾನ ಆಗಬೇಕು ಎನ್ನುವುದು ಈ ಕಾರಣಕ್ಕೆ.

ತಪ್ಪು ಕಲ್ಪನೆ 3: ಡೈಪರ್ ಇದೆ, ಕ್ಲೋರಿನ್ನೂ ಇದೆ; ಸ್ವಲ್ಪ ಬೇಧಿಯಾಗಿದ್ದರೂ ಪರವಾಗಿಲ್ಲ

ಸತ್ಯ: ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ನೀರಾಗಿ ಹೋಗುವ ಮಲವನ್ನು ಹಿಡಿದಿಡುವ ಸ್ವಿಮ್ ಡೈಪರ್ ಯಾವುದೂ ಇಲ್ಲ. ಬೇಧಿಯ ರೋಗಾಣುಗಳು ನೀರಿಗೆ ಸೇರುವುದನ್ನು ಅದು ಹೆಚ್ಚೆಂದರೆ ಕೆಲವು ನಿಮಿಷ ತಡ ಮಾಡೀತು, ಪೂರ್ತಿ ತಡೆಯಲಾರದು ಎಂದು ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರ, ಅಂದರೆ ಸಿಡಿಸಿ, ಎಚ್ಚರಿಸುತ್ತದೆ.

ಇನ್ನು ಕ್ಲೋರಿನ್ನಿನ ವಿಚಾರ. ಸರಿಯಾಗಿ ನೋಡಿಕೊಂಡ ಕೊಳದಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಒಂದು ನಿಮಿಷದೊಳಗೆ ಸಾಯುತ್ತದೆ. ಹೆಪಟೈಟಿಸ್ ಎ ವೈರಸ್ಸಿಗೆ ಸುಮಾರು 16 ನಿಮಿಷ, ಜಿಯಾರ್ಡಿಯಾ ಪರಾವಲಂಬಿಗೆ ಸುಮಾರು 45 ನಿಮಿಷ ಬೇಕು. ಕ್ರಿಪ್ಟೊಸ್ಪೊರಿಡಿಯಂ ಎಂಬ ಇನ್ನೊಂದು ಪರಾವಲಂಬಿ ಮಾತ್ರ ಅದೇ ನೀರಿನಲ್ಲಿ 7 ದಿನಕ್ಕೂ ಮೀರಿ ಬದುಕಬಲ್ಲದು. ಗಟ್ಟಿ ಚಿಪ್ಪಿನೊಳಗೆ ಕೂತ ಇದರ ಗಾತ್ರ 4ರಿಂದ 6 ಮೈಕ್ರಾನ್. ಒಂದೆರಡು ಗುಟುಕು ನೀರು ಹೊಟ್ಟೆಗೆ ಹೋದರೂ ಸೋಂಕು ತಗಲಬಹುದು, ಚಿಕ್ಕ ಮಕ್ಕಳು ಕೊಳದ ನೀರು ಕುಡಿಯದೆ ಇರುವುದೂ ಇಲ್ಲ.

ಕೊಳ ನೋಡಿಕೊಳ್ಳುವವರ ಲೆಕ್ಕ ಕೇಳಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಗಟ್ಟಿ ಕಕ್ಕ ನೀರಿಗೆ ಬಿದ್ದರೆ ಎಲ್ಲರನ್ನೂ ಮೇಲೆ ಹತ್ತಿಸಿ, ಅದನ್ನು ತೆಗೆದು, ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಇರುವಂತೆ ನೋಡಿಕೊಂಡು ಸುಮಾರು ಅರ್ಧ ಗಂಟೆ ಕಾದರೆ ಆಯಿತು. ಬೇಧಿಯಾದರೆ ಸಿಡಿಸಿ ಹೇಳುವ ಪ್ರಮಾಣ ಲೀಟರಿಗೆ 20 ಮಿಲಿಗ್ರಾಂ. ಅಷ್ಟು ಕ್ಲೋರಿನ್ನಿನಲ್ಲಿ 12 ಮುಕ್ಕಾಲು ಗಂಟೆ ಕೊಳ ಮುಚ್ಚಿಡಬೇಕು. ಒಂದು ಮಗುವಿಗಾಗಿ ಇಡೀ ಅಪಾರ್ಟ್‌ಮೆಂಟಿನ ಭಾನುವಾರ ಹೋಯಿತು. ಆದ್ದರಿಂದ ಬೇಧಿ ಇರುವಾಗ ಕೊಳ ಬೇಡವೇ ಬೇಡ. ಕ್ರಿಪ್ಟೊಸ್ಪೊರಿಡಿಯಂ ಎಂದು ಡಾಕ್ಟರು ಹೇಳಿದ್ದರೆ ಬೇಧಿ ನಿಂತ ಮೇಲೂ 2 ವಾರ ಕಾಯಬೇಕು. ಗಾಳಿ ತುಂಬಿದ ಪ್ಲಾಸ್ಟಿಕ್ ಟಬ್ಬಿನಲ್ಲಿ ನಾಲ್ಕು ಮಕ್ಕಳನ್ನು ಕೂರಿಸಿ ಆಡಿಸುವವರು ಇನ್ನೂ ಹುಷಾರಾಗಿರಬೇಕು, ಅಲ್ಲಿ ಕ್ಲೋರಿನ್ನೂ ಇಲ್ಲ, ಫಿಲ್ಟರೂ ಇಲ್ಲ. ಆಟ ಮುಗಿದ ಮೇಲೆ ಆ ನೀರು ಚೆಲ್ಲಿಬಿಡಿ.

ತಪ್ಪು ಕಲ್ಪನೆ 4: ಒಗೆಯುವ ಬಗೆ ಸೋರುವುದಿಲ್ಲ, ಅಲ್ಲ, ಬಿಸಾಡುವ ಬಗೆಯೇ ಶುಚಿ

ಸತ್ಯ: ಎರಡೂ ಕಡೆಯವರ ವಾದ ಅರ್ಧ ಸರಿ. ಗಟ್ಟಿ ಮಲ ನಿಲ್ಲುವುದು ಸೊಂಟಕ್ಕೂ ತೊಡೆಗೂ ಅಂಚು ಎಷ್ಟು ಅಂಟಿ ಕೂತಿದೆ ಎಂಬುದರ ಮೇಲೆ. ಅಗಲವಾದ ಪಟ್ಟಿಯುಳ್ಳ ಒಳ್ಳೆಯ ನಿಯೋಪ್ರೀನ್ ಚಡ್ಡಿ ಈ ವಿಷಯದಲ್ಲಿ ತೆಳು ಎಲಾಸ್ಟಿಕ್ಕಿನ ಬಿಸಾಡುವ ಡೈಪರಿಗಿಂತ ಚೆನ್ನಾಗಿ ಕೂರುತ್ತದೆ. ಆದರೆ ಸೈಜು ತಪ್ಪಿದರೆ ಎಷ್ಟು ದುಡ್ಡು ಕೊಟ್ಟದ್ದಾದರೂ ವ್ಯರ್ಥ. 'ಬೆಳೆಯುವ ಮಗು, ಒಂದು ಸೈಜು ದೊಡ್ಡದೇ ಇರಲಿ' ಎಂಬ ನಮ್ಮ ಹಳೆಯ ಜಾಣತನ ಫ್ರಾಕಿಗೆ ಸರಿ, ಇದಕ್ಕಲ್ಲ.

ತೊಡಿಸಿದ ಮೇಲೆ ಮಗುವನ್ನು ಅಂಗಾತ ಮಲಗಿಸಿ ಎರಡೂ ಕಾಲು ಮಡಿಸಿ, ಬಿಡಿಸಿ. ತೊಡೆಯ ಸಂದಿಯಲ್ಲಿ ಕಿಂಡಿ ಕಂಡರೆ ಅದು ದೊಡ್ಡದಾಯಿತು. ಹೊಟ್ಟೆಯ ಬಳಿ ಒಂದು ಬೆರಳು ತೂರಬೇಕು, ಕೈ ತೂರಬಾರದು. ತೆಗೆದ ಮೇಲೂ ತೊಡೆಯಲ್ಲಿ ಕೆಂಪು ಗೀರು ಹೊತ್ತುಗಟ್ಟಲೆ ಉಳಿದರೆ ಬಿಗಿಯಾಯಿತು.

ಬ್ರಿಟನ್ನಿನಲ್ಲಿ ಶಿಶುಗಳಿಗೆ ಈಜು ಕಲಿಸುವ ಅನೇಕ ಶಾಲೆಗಳು ಈ ಜಗಳವನ್ನೇ ಬಿಟ್ಟು ಎರಡನ್ನೂ ಹಾಕಿಸುತ್ತವೆ: ಒಳಗೆ ಬಿಸಾಡುವ ಅಥವಾ ಬಟ್ಟೆಯ ಸ್ವಿಮ್ ಡೈಪರ್, ಅದರ ಮೇಲೆ ನಿಯೋಪ್ರೀನ್ ಚಡ್ಡಿ. ಅಲ್ಲಿರುವ ಮಗಳ ಮನೆಗೆ ಬಾಣಂತನಕ್ಕೆ ಹೋದ ನಮ್ಮ ಅಜ್ಜಿಯರು 'ಇಷ್ಟು ಚಿಕ್ಕದಕ್ಕೆ ಎರಡೆರಡು ಚಡ್ಡಿ ಯಾಕಮ್ಮ' ಎಂದು ಕೇಳಿದರೆ ಉತ್ತರ ಇದು: ಒಂದು ಅಂಚು ಸಡಿಲವಾದರೆ ಇನ್ನೊಂದಿರಲಿ ಎಂದು. ಹಾಗೆಂದು ಎರಡು ಪದರ ಹಾಕಿದರೂ ಬೇಧಿ ನಿಲ್ಲುವುದಿಲ್ಲ.

ತಪ್ಪು ಕಲ್ಪನೆ 5: ಒಗೆದು ಬಳಸುವುದು ಪರಿಸರಕ್ಕೆ ಯಾವಾಗಲೂ ಒಳ್ಳೆಯದು

ಸತ್ಯ: ಒಗೆಯುವ ರೀತಿಯ ಮೇಲೆ ಹೋಗುತ್ತದೆ. ಬ್ರಿಟನ್ ಸರ್ಕಾರ 2008ರಲ್ಲಿ ಮಾಮೂಲಿ ಡೈಪರುಗಳ ಬಗ್ಗೆ ಮಾಡಿಸಿದ ಅಧ್ಯಯನ ಹೇಳಿದ್ದು ಇದನ್ನೇ: ಬಿಸಿನೀರಿನಲ್ಲಿ ಒಗೆದು ಯಂತ್ರದಲ್ಲಿ ಒಣಗಿಸಿದರೆ ಲಾಭ ಕರಗುತ್ತದೆ, ತುಂಬಿದ ಮೆಷಿನ್ನಿನಲ್ಲಿ ಒಗೆದು, ಹಗ್ಗದ ಮೇಲೆ ಒಣಹಾಕಿ, ಎರಡನೇ ಮಗುವಿಗೂ ಬಳಸಿದರೆ ಹೆಚ್ಚುತ್ತದೆ. ಅದೇ ಸರ್ಕಾರದ 2023ರ ಅಧ್ಯಯನದಲ್ಲಿ ಬಟ್ಟೆ ಡೈಪರಿನ ಹವಾಮಾನ ಹೊರೆ ಬಿಸಾಡುವುದಕ್ಕಿಂತ ಶೇ. 25ರಷ್ಟು ಕಡಿಮೆ ಎಂದು ಕಂಡುಬಂತು. ತಣ್ಣೀರಿನಲ್ಲಿ ಒಗೆದು ಬಾಲ್ಕನಿಯಲ್ಲಿ ಹರವುವ, ಅಕ್ಕನ ಮಗುವಿನ ಬಟ್ಟೆಯನ್ನು ತಂಗಿಯ ಮಗುವಿಗೆ ತೊಡಿಸುವ ನಮ್ಮ ಮನೆಗಳಿಗೆ ಈ ಲೆಕ್ಕ ಅನುಕೂಲವೇ. ನಿಯೋಪ್ರೀನನ್ನು ಮಾತ್ರ ನೆರಳಲ್ಲಿ ಒಣಗಿಸಿ, ಸುಡುಬಿಸಿಲಿಗೆ ಅದು ಬಿರುಸಾಗಿ ಹಾಳಾಗುತ್ತದೆ.

ಕೊಳದಿಂದ ಬಂದ ಮೇಲೆ ಕ್ಲೋರಿನ್ ನೀರಿನಲ್ಲಿ ಅದ್ದಿ ಬಂದದ್ದೇ ಒಗೆತ ಎಂದುಕೊಳ್ಳಬೇಡಿ. ಕಕ್ಕವನ್ನು ಟಾಯ್ಲೆಟ್ಟಿಗೆ ಹಾಕಿ, ಚಡ್ಡಿಯನ್ನು ಜಾಲಾಡಿ, ಆಮೇಲೆ ಸೋಪಿನಲ್ಲಿ ಒಗೆಯಿರಿ. ಬಟ್ಟೆ ಮೆದುವಾಗಲೆಂದು ಹಾಕುವ ಕಂಡಿಷನರ್ ಬೇಡ.

ಬಿಸಾಡುವ ಬಗೆಗೂ ಶಿಸ್ತಿದೆ. ಒಂದು ಸಲ ಬಳಸಿದ್ದನ್ನು ಒಣಗಿಸಿ ಮತ್ತೆ ತೊಡಿಸುವಂತಿಲ್ಲ. ಇದರಲ್ಲೂ ಕಕ್ಕ ಮೊದಲು ಟಾಯ್ಲೆಟ್ಟಿಗೇ ಹೋಗಬೇಕು. ಡೈಪರುಗಳನ್ನು ಸುತ್ತಿಯೇ ಹಾಕಬೇಕು ಎಂದು ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಪೇಪರಿನಲ್ಲಿ ಸುತ್ತಿ, ಹಸಿ ಕಸಕ್ಕೂ ಒಣ ಕಸಕ್ಕೂ ಬೆರೆಸದೆ ಬೇರೆಯಾಗಿ ಕೊಡಿ. ಬಿಚ್ಚಿ ವಿಂಗಡಿಸಬೇಕಾದ ಪಾಡು ಪೌರಕಾರ್ಮಿಕರಿಗೆ ಬರಬಾರದು.

ಹಾಗಾದರೆ ಯಾವುದು ಕೊಳ್ಳಬೇಕು?

ವರ್ಷಕ್ಕೊಮ್ಮೆ ರೆಸಾರ್ಟಿಗೆ ಹೋಗುವವರಿಗೆ, ಒಗೆಯಲು ಅನುಕೂಲವಿಲ್ಲದ ಪ್ರಯಾಣದಲ್ಲಿರುವವರಿಗೆ ಬಿಸಾಡುವ ಬಗೆ ಸಾಕು. ವಾರವಾರ ಕೊಳಕ್ಕಿಳಿಯುವ ಮಗುವಿಗೆ ಒಗೆಯುವ ಬಗೆಯೇ ಲಾಭ. ಒಂದು ಬಟ್ಟೆ ಚಡ್ಡಿಯ ಬೆಲೆಯನ್ನು ಒಂದು ಬಿಸಾಡುವ ಡೈಪರಿನ ಬೆಲೆಯಿಂದ ಭಾಗಿಸಿ. ಬಂದ ಸಂಖ್ಯೆಗಿಂತ ಹೆಚ್ಚು ಸಲ ಮಗು ಆ ಸೈಜಿನಲ್ಲಿ ನೀರಿಗಿಳಿಯುತ್ತದೆಯೇ ಎಂದು ಯೋಚಿಸಿದರೆ ಉತ್ತರ ಸಿಗುತ್ತದೆ. ಬಟ್ಟೆಯದನ್ನು ಕೊಂಡರೆ ಎರಡಾದರೂ ಇರಲಿ, ಒಂದು ಕೆಟ್ಟರೆ ಇನ್ನೊಂದು ಬೇಕಲ್ಲ.

ಯಾವುದನ್ನು ಕೊಂಡರೂ ಗಂಟೆಗೊಮ್ಮೆ ಮಗುವನ್ನು ಮೇಲೆತ್ತಿ ಒಳಗೆ ನೋಡಿ. ಬದಲಿಸಬೇಕಾದರೆ ಕೊಳದ ಕಟ್ಟೆಯ ಮೇಲಲ್ಲ, ಬಾತ್‌ರೂಮಿನಲ್ಲಿ ಬದಲಿಸಿ, ಸೋಪು ಹಾಕಿ ಕೈ ತೊಳೆಯಿರಿ. ಸ್ವಿಮ್ ಡೈಪರ್ ಮಗುವನ್ನು ತೇಲಿಸುವ ಸಾಧನವಲ್ಲ, ಮೊಣಕಾಲುದ್ದದ ನೀರಿನಲ್ಲೂ ಮಗು ನಿಮ್ಮ ಕೈಗೆಟುಕುವಷ್ಟು ಹತ್ತಿರದಲ್ಲೇ ಇರಬೇಕು. ಹೊರಡುವ ದಿನ ಬೆಳಗ್ಗೆ ಮಗುವಿಗೆ ನೀರುಬೇಧಿ ಆಯಿತೆಂದರೆ, ರೂಮಿನ ದುಡ್ಡು ಕಟ್ಟಿ ಆಗಿದ್ದರೂ ಕೊಳದ ಆಸೆ ಬಿಡಿ.