ಹಾಸನದ ಹೃದಯಾಘಾತ: ಎಣಿಸಿದ್ದು ಸರಿ, ಭಾಗಿಸಿದ್ದು ಯಾರು?

2025ರ ಜೂನ್ ಕೊನೆಯಲ್ಲಿ ಕನ್ನಡದ ಸುದ್ದಿವಾಹಿನಿಗಳು ಕ್ರಿಕೆಟ್ ಸ್ಕೋರ್ ತೋರಿಸಿದ ಹಾಗೆ ಒಂದು ಸಂಖ್ಯೆ ತೋರಿಸತೊಡಗಿದವು. ಹಾಸನದಲ್ಲಿ ಹೃದಯಾಘಾತಕ್ಕೆ ಮತ್ತೊಂದು ಬಲಿ, ಒಟ್ಟು ಇಷ್ಟು. ಮರುದಿನ ಅದಕ್ಕೆ ಒಂದು ಕೂಡಿಸಿ ಮತ್ತೆ ಅದೇ ಸುದ್ದಿ. ಹಾಸನ ನಮ್ಮ ಶಾಮನೂರಿಗೆ ಪಕ್ಕದ ಊರೇನಲ್ಲ. ಆದರೂ ಇಲ್ಲಿನ ಚಹಾದಂಗಡಿಯಲ್ಲೂ ಒಂದೇ ಮಾತು: "ಎಡಗೈ ಜೋಮು ಹಿಡಿದಂಗೆ ಆಗ್ತೈತಣ್ಣ, ಒಂದು ಇಸಿಜಿ ಮಾಡಿಸ್ಲಾ?"

ಸತ್ತವರ ಸಂಖ್ಯೆಯನ್ನು ಯಾರೂ ಕಲ್ಪಿಸಿರಲಿಲ್ಲ. ಹಾಗಾದ್ರೆ ತಪ್ಪು ಎಲ್ಲಿತ್ತು? ಶಾಲೆಯಲ್ಲಿ ಕಲಿತ ಭಿನ್ನರಾಶಿ ನೆನಪಿಸಿಕೊಳ್ಳಿ. ಮೇಲೆ ಅಂಶ, ಕೆಳಗೆ ಛೇದ. ಟಿವಿ ನಮಗೆ ಅಂಶ ಮಾತ್ರ ಕೊಟ್ಟಿತು. ಛೇದ ಕೊಡಲೇ ಇಲ್ಲ.

ನಾವೇ ಲೆಕ್ಕ ಹಾಕೋಣ. 2011ರ ಜನಗಣತಿ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ಕರ್ನಾಟಕದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಕನಿಷ್ಠ 6 ಮಂದಿ ಸಾಯುತ್ತಾರೆ ಅಂತಿಟ್ಟುಕೊಂಡರೂ ಹಾಸನದಲ್ಲಿ ತಿಂಗಳಿಗೆ ಸುಮಾರು 890 ಸಾವು. ಭಾರತದಲ್ಲಿ ನಾಲ್ಕು ಸಾವಿನಲ್ಲಿ ಒಂದಕ್ಕೆ ಹೃದಯ ಮತ್ತು ರಕ್ತನಾಳದ ಕಾಯಿಲೆಗಳೇ ಕಾರಣ. ಅಂದ್ರೆ ತಿಂಗಳಿಗೆ 220ರಷ್ಟು. ಇದು ಅಂದಾಜು, ಇದರಲ್ಲಿ ವಯಸ್ಸಾದವರೇ ಹೆಚ್ಚು. ಆದರೂ "ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು" ಎಂಬ ಮಾತನ್ನು ಇದರ ಪಕ್ಕ ಇಟ್ಟು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ: ಹೆಚ್ಚಾಗಿದ್ದು ಸಾವೋ, ಸುದ್ದಿಯೋ?

ವಾಹಿನಿಗಳು ಒಮ್ಮೆ ಎಣಿಸಲು ಕೂತರೆ ವರದಿಗಾರರು ಅಂಥ ಸಾವುಗಳನ್ನೇ ಹುಡುಕುತ್ತಾರೆ. ನಿನ್ನೆಯವರೆಗೆ ಮನೆಯವರಿಗೆ, ಊರವರಿಗೆ ಮಾತ್ರ ಗೊತ್ತಾಗುತ್ತಿದ್ದ ಸಾವು ಇವತ್ತು ಬ್ರೇಕಿಂಗ್ ನ್ಯೂಸ್. ರೇಡಿಯೊದ ವಾಲ್ಯೂಮ್ ತಿರುಗಿಸಿದ್ದು ನಾವು. ಹಾಡುವವರು ಜೋರಾಗಿ ಹಾಡಿದರು ಅಂದುಕೊಂಡೆವು.

ಈ ಗದ್ದಲಕ್ಕೆ ಅಧಿಕಾರದ ಮುದ್ರೆಯೂ ಬಿತ್ತು. ಕೋವಿಡ್ ಲಸಿಕೆಗೆ ತರಾತುರಿಯಲ್ಲಿ ಒಪ್ಪಿಗೆ ಕೊಟ್ಟದ್ದೂ ಇದಕ್ಕೆ ಕಾರಣ ಇರಬಹುದು ಎಂಬರ್ಥದ ಮಾತನ್ನು ಮುಖ್ಯಮಂತ್ರಿ ಸಿದ್ದರಾಮಯ್ಯ ಜುಲೈ 1ರಂದು ಆಡಿದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು ಅಂಥ ಸಂಬಂಧ ಇಲ್ಲ ಎಂದಿತು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ರಾಜ್ಯದ ಸಮಿತಿಗೂ ಲಸಿಕೆಯೇ ಕಾರಣ ಎನ್ನಲು ಆಧಾರ ಸಿಗಲಿಲ್ಲ.

"ಸತ್ತವರೆಲ್ಲ ಲಸಿಕೆ ಹಾಕಿಸಿಕೊಂಡವರೇ ಅಲ್ವೇನ್ರೀ?" ಅಂತ ಈಗಲೂ ಕೇಳುವವರಿದ್ದಾರೆ. ಹೌದು. ಬದುಕಿರುವವರೂ ಬಹುತೇಕ ಹಾಕಿಸಿಕೊಂಡವರೇ. ಸತ್ತವರಲ್ಲಿ ಹೆಚ್ಚಿನವರ ಮನೆಯಲ್ಲಿ ರೇಷನ್ ಕಾರ್ಡೂ ಇರುತ್ತೆ. ಹಾಗಂತ ರೇಷನ್ ಕಾರ್ಡ್ ಕೊಂದಿತು ಅನ್ನಲಾಗದು. ಇಲ್ಲೂ ಬಿಟ್ಟುಹೋಗಿದ್ದು ಛೇದವೇ.

ಹಾಸನದ 24 ಸಾವುಗಳನ್ನು ತಜ್ಞರು ಪರಿಶೀಲಿಸಿದಾಗ ನಾಲ್ಕು ಸಾವಿಗೆ ಹೃದಯದ ಜೊತೆ ಸಂಬಂಧವೇ ಇರಲಿಲ್ಲ. ಅಪಘಾತ, ವಿದ್ಯುತ್ ಆಘಾತವೂ ಆ ಪಟ್ಟಿಯಲ್ಲಿ ಸೇರಿಕೊಂಡಿದ್ದವು. ಹಿಂದಿನ ತಿಂಗಳುಗಳಿಗೆ ಹೋಲಿಸಿದರೆ ಗಣನೀಯ ಏರಿಕೆಯೂ ಕಾಣಲಿಲ್ಲ. ಈ ವರದಿಗೆ ಮಾತ್ರ ಸ್ಕೋರ್‌ಬೋರ್ಡ್‌ನಷ್ಟು ಸಮಯ ಸಿಗಲಿಲ್ಲ.

ಅಷ್ಟರಲ್ಲಿ ನಷ್ಟ ಆಗಿಹೋಗಿತ್ತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತು. ಗಾಬರಿಯಾಗಬೇಡಿ ಅಂತ ವೈದ್ಯರೇ ಬೇಡಿಕೊಳ್ಳಬೇಕಾಯಿತು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೀಗೇ ಆಗಿತ್ತು. ಆರೋಗ್ಯವಾಗಿರುವವರು ಭಯದಿಂದ ಸಾಲು ಹಿಡಿದರೆ, ನಿಜಕ್ಕೂ ಎದೆನೋವಿರುವವರು ಅವರ ಹಿಂದೆ ನಿಲ್ಲಬೇಕಾಗುತ್ತದೆ. ಲಸಿಕೆಯ ಮೇಲೆ ಹುಟ್ಟಿದ ಅನುಮಾನ ಕೋವಿಡ್ ಲಸಿಕೆಗೇ ನಿಲ್ಲುತ್ತದೆ ಅನ್ನುವ ಖಾತ್ರಿಯೂ ಇಲ್ಲ. 2017ರಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನದ ಹೊತ್ತಿಗೆ ವಾಟ್ಸ್ಆ್ಯಪ್ ವದಂತಿ ನಂಬಿ ಮಕ್ಕಳಿಗೆ ಲಸಿಕೆ ಬೇಡ ಎಂದ ಪೋಷಕರನ್ನು ಈ ರಾಜ್ಯ ಕಂಡಿದೆ.

ಇದರರ್ಥ ಹೃದಯದ ಕಾಯಿಲೆ ಕಟ್ಟುಕತೆ ಅಂತಲ್ಲ. ಸಕ್ಕರೆ ಕಾಯಿಲೆ, ಬಿಪಿ, ಬೀಡಿ-ಸಿಗರೇಟು, ಬೊಜ್ಜು ನಮ್ಮ ಯುವಕರ ಹೃದಯವನ್ನು ನಿಜವಾಗಿಯೂ ತಿನ್ನುತ್ತಿವೆ. ಆದರೆ ಈ ಹಳೇ ಕಾರಣಗಳಿಗೆ ಟಿಆರ್‌ಪಿ ಇಲ್ಲ.

ಮುಂದಿನ ಸಲ ಇಂಥ ಎಣಿಕೆ ತೆರೆ ಮೇಲೆ ಬಂದಾಗ ಮೂರು ಪ್ರಶ್ನೆ ಕೇಳಿ. ಎಷ್ಟು ಜನರಲ್ಲಿ ಇಷ್ಟು? ಹೋದ ವರ್ಷ ಇದೇ ತಿಂಗಳಲ್ಲಿ ಎಷ್ಟಿತ್ತು? ಸಾವಿನ ಕಾರಣ ಹೇಳಿದ್ದು ವೈದ್ಯರೋ, ವರದಿಗಾರರೋ? ಉತ್ತರ ಇಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ.

ಎದೆ ಬಿಗಿದು, ಬೆವರು ಕಿತ್ತು, ನೋವು ಕೈಗೋ ದವಡೆಗೋ ಇಳಿದರೆ ಮಾತ್ರ ಯಾವ ಪ್ರಶ್ನೆಯೂ ಬೇಡ, ತಡವೂ ಬೇಡ. 'ಹೃದಯ ಜ್ಯೋತಿ' ಯೋಜನೆಯಿರುವ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿಯೂ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದೂ ಉಚಿತ. ವಾಹಿನಿಗಳು ದಿನಕ್ಕೊಮ್ಮೆ ಈ ಒಂದು ಸಾಲು ಓಡಿಸಿದ್ದರೂ ಸಾಕಿತ್ತು.